ಎಐ ಬಳಸಿ ದಿನವೂ ತಾನಾಗಿಯೇ ಪಕ್ಷಾತೀತ ಸುದ್ದಿ ವಿಶ್ಲೇಷಣೆ ಕೊಡುವ ಸೇವೆ ಕಟ್ಟಲು ಸಾಧ್ಯವೇ?

ಸಾಧ್ಯ. ನಾನೇ ಚಿಕ್ಕದೊಂದನ್ನು ನಡೆಸುತ್ತಿದ್ದೇನೆ. ತಾಣಗಳ ಹೊಸ ಸುದ್ದಿಗಳ ಪಟ್ಟಿ ಕೊಡುವ ವೆಬ್ ಫೀಡ್‌ಗಳಿಂದ ಸುದ್ದಿ ಎಳೆಯಲು ಒಂದು ಸ್ಕ್ರಿಪ್ಟ್, ಹೊತ್ತಿಗೆ ಸರಿಯಾಗಿ ಅದನ್ನು ಓಡಿಸಲು ಕ್ರಾನ್ ಎಂಬ ಸಾಧನ, ಬರೆಯಲು ಯಾವುದಾದರೂ ಭಾಷಾ ಮಾದರಿಯ (ಪಠ್ಯ ಬರೆಯುವ ಎಐ) ಎಪಿಐ, ಅಂದರೆ ನಮ್ಮ ಕೋಡ್ ಅದನ್ನು ಬಳಸುವ ದಾರಿ. ಇಷ್ಟು ಕೆಲವೇ ದಿನಗಳ ಕೆಲಸ. ತಲೆನೋವು ಇರುವುದು ನೀವು ಕೇಳಿರುವ 'ಪಕ್ಷಾತೀತ'ದಲ್ಲಿ. 'ನಿಷ್ಪಕ್ಷಪಾತವಾಗಿ ಬರೆ' ಎಂದು ಮಾದರಿಗೆ ಕೊಡುವ ಸೂಚನೆ, ಅಂದರೆ ಪ್ರಾಂಪ್ಟ್‌ನಲ್ಲಿ ಹಾಕಿದರೆ ಧಾಟಿ ತಣ್ಣಗಾಗುತ್ತದೆ, ಅಷ್ಟೇ.

ಮೊದಲು ನಕಲುಗಳನ್ನು ಹಿಡಿಯಿರಿ. ರಾಯಿಟರ್ಸ್ ಅಥವಾ ಎಪಿಯಂಥ ಸುದ್ದಿಸಂಸ್ಥೆ ಕಳಿಸಿದ ಒಂದೇ ವರದಿಯನ್ನು ಎಷ್ಟೋ ತಾಣಗಳು ತಲೆಬರಹ ಮಾತ್ರ ಬದಲಿಸಿ ಹಾಕಿರುತ್ತವೆ. ಮಾದರಿ ಅವನ್ನೆಲ್ಲ ಬೇರೆ ಬೇರೆ ಸಾಕ್ಷಿ ಎಂದುಕೊಳ್ಳುತ್ತದೆ. ಎಂಬೆಡಿಂಗ್ (ಪಠ್ಯದ ಅರ್ಥವನ್ನು ಹೋಲಿಸಬಹುದಾದ ಸಂಖ್ಯೆಗಳಾಗಿಸುವ ವಿಧಾನ) ಬಳಸಿ ಒಂದೇ ಘಟನೆಯ ವರದಿಗಳನ್ನು ಗುಂಪು ಮಾಡಿ. ಪಠ್ಯ ಹೆಚ್ಚುಕಡಿಮೆ ಒಂದೇ ಇದ್ದರೆ ಒಂದೇ ಮೂಲವೆಂದು ಎಣಿಸಿ.

ಆಮೇಲೆ ನೇರವಾಗಿ ಸಾರಾಂಶ ಕೇಳಬೇಡಿ. ಯಾರು ಏನು ಹೇಳಿದರು, ವರದಿಯ ಯಾವ ವಾಕ್ಯದಲ್ಲಿದೆ ಎಂದು ಪಟ್ಟಿ ಮಾಡಿಸಿ. ಆ ವಾಕ್ಯ ಮೂಲದಲ್ಲಿ ನಿಜಕ್ಕೂ ಇದೆಯೇ ಎಂದು ನೋಡಲು ಇನ್ನೊಂದು ಮಾದರಿ ಬೇಡ, ಸಾಮಾನ್ಯ ಕೋಡ್ ಸಾಕು. ಸಿಗದಿದ್ದರೆ ಕಿತ್ತುಹಾಕಿ. ಅತಿಯಾಯಿತು ಅನ್ನಿಸಿದರೆ ಆಪಲ್‌ನ ಕಥೆ ನೋಡಿ: ಅದರ ಎಐ ಬಿಬಿಸಿ ಹೆಸರಿನಲ್ಲೇ ಸುಳ್ಳು ತಲೆಬರಹ ಹುಟ್ಟುಹಾಕಿ, 2025ರ ಜನವರಿಯಲ್ಲಿ ಸುದ್ದಿ ಸಾರಾಂಶದ ಸೌಲಭ್ಯವನ್ನೇ ತಡೆಹಿಡಿಯಬೇಕಾಯಿತು.

ನನಗೆ ಹೆಚ್ಚು ಕೆಲಸಕ್ಕೆ ಬಂದ ಉಪಾಯ ಹೆಸರು ಮುಚ್ಚುವುದು. ಬರೆಯುವ ಹಂತಕ್ಕೆ ಪಕ್ಷ, ನಾಯಕರ ಹೆಸರು ಹೋಗುವುದಿಲ್ಲ. 'ಪಕ್ಷ ಎ', 'ಪಕ್ಷ ಬಿ' ಅಷ್ಟೇ. ಕೊನೆಗೆ ಕೋಡ್ ಹೆಸರು ತುಂಬುತ್ತದೆ. ಸಂದರ್ಭದಿಂದಲೇ ಗುರುತು ಬಿಟ್ಟುಕೊಡುವ ಸುದ್ದಿಗಳೂ ಇರುತ್ತವೆ, ಹಾಗಾಗಿ ಆಗಾಗ ಎ-ಬಿ ಅದಲುಬದಲು ಮಾಡಿ ಮತ್ತೆ ಬರೆಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದುತ್ತೇನೆ. ಒಬ್ಬರ ಮಾತಿಗೆ ಮಾತ್ರ 'ಆದರೆ' ಅಂಟಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹಾಗೆಂದು ಎರಡೂ ಕಡೆಗೆ ಸರಿಸಮ ಜಾಗ ಕೊಡಬೇಕೆಂದಿಲ್ಲ. ಒಬ್ಬರ ಬಳಿ ದಾಖಲೆಯಿದ್ದು ಇನ್ನೊಬ್ಬರದು ಬರೀ ನಿರಾಕರಣೆಯಾಗಿದ್ದರೆ ಹಾಗೆಂದೇ ಬರೆಯಬೇಕು.

ಇನ್ನು, ಯಾವ ಸುದ್ದಿ ಮೇಲೆ ಬರಬೇಕು ಎಂಬ ಆಯ್ಕೆಯಲ್ಲೇ ಅರ್ಧ ಪಕ್ಷಪಾತ ಅಡಗಿರುತ್ತದೆ. ಅದನ್ನು ಮಾದರಿಗೆ ಬಿಡದೆ, ಸ್ವತಂತ್ರ ಮೂಲಗಳ ಸಂಖ್ಯೆಯಂಥ ನಿಯಮ ಮಾಡಿ, ಓದುಗರಿಗೂ ತಿಳಿಸಿ. ಚುನಾವಣಾ ಫಲಿತಾಂಶ, ಗಲಭೆಯ ದಿನಗಳಲ್ಲಿ ಮಾತ್ರ ಪ್ರಕಟಣೆಯ ಬಟನ್ ಮನುಷ್ಯರ ಕೈಯಲ್ಲೇ ಇರಲಿ. ನಾನಂತೂ ಆಗ ಕ್ರಾನ್ ನಿಲ್ಲಿಸಿಬಿಡುತ್ತೇನೆ.