ಪ್ಲೇಟಿನಲ್ಲಿ ಸತ್ತ ಕೋಶ, ಅಮ್ಮನ ಲೋಟದ ಕಷಾಯ

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೀತಿದೆ. ಚಿಕ್ಕಪ್ಪ ತೋಟದ ಲಕ್ಷ್ಮಣಫಲದ ಎಲೆ ತಂದು ದಿನಾ ಬೆಳಿಗ್ಗೆ ಕಷಾಯ ಕುಡಿಸುತ್ತಿದ್ದಾರೆ. ಬೇಡವೆಂದರೆ ‘ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶ ಸತ್ತಿದೆ’ ಎಂಬ ವಾಟ್ಸಾಪ್ ಸಂದೇಶ ತೋರಿಸುತ್ತಾರೆ. ಅದು ಸುಳ್ಳೇ ಮೇಡಂ?
– ಹೆಸರು ಬೇಡ, ಸಾಗರ

ಉತ್ತರ: ಸುಳ್ಳಲ್ಲ. ತೊಡಕಿರುವುದೇ ಅಲ್ಲಿ. ಗಿಡಮೂಲಿಕೆಗಳ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದೇ ಹದಿನೆಂಟು ವರ್ಷ ನನ್ನ ಕಸುಬಾಗಿತ್ತು. ಆ ‘ಸತ್ತಿದೆ’ ಅನ್ನುವುದನ್ನು ನಾವು ಹೇಗೆ ಲೆಕ್ಕ ಹಾಕುತ್ತೇವೆ ಅಂತ ಹೇಳಿಬಿಡುತ್ತೇನೆ.

ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ 96 ಗುಳಿ, ಒಂದೊಂದರಲ್ಲೂ ಕೆಲವು ಸಾವಿರ ಕೋಶ. ನೆರಳಲ್ಲಿ ಒಣಗಿಸಿದ ಎಲೆಯ ಪುಡಿಯನ್ನು ಮೆಥನಾಲ್ ಎಂಬ ದ್ರಾವಕದಲ್ಲಿ ನೆನೆಹಾಕಿ ಇಂಗಿಸಿದರೆ ಅಂಟಂಟಾದ ಸಾರ ಉಳಿಯುತ್ತದೆ. (ನಿಮ್ಮ ಚಿಕ್ಕಪ್ಪ ಕುದಿಸುವುದು ನೀರಿನಲ್ಲಿ. ಎರಡರಲ್ಲಿ ಇಳಿಯುವ ಪದಾರ್ಥಗಳೂ ಒಂದೇ ಅಲ್ಲ.) ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಎರಡು ಮೂರು ದಿನ ಬಿಟ್ಟು, ಎಂಟಿಟಿ ಅನ್ನುವ ಹಳದಿ ಬಣ್ಣ ಸೇರಿಸುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಸತ್ತದ್ದು ಮಾಡುವುದಿಲ್ಲ. ಅಷ್ಟೇ ಪರೀಕ್ಷೆ.

ಇದು ಎಷ್ಟು ಸಲ ಬೇಸ್ತು ಬೀಳಿಸಿದೆಯೋ! ಮೊದಲ ವರ್ಷ, ಕೋಶವೇ ಹಾಕದೆ ಬರೀ ನೆಲ್ಲಿಕಾಯಿ ಸಾರ ಇಟ್ಟಿದ್ದ ಗುಳಿಯೂ ನೇರಳೆಯಾಗಿ ಕೂತಿತ್ತು. ಸಾರದಲ್ಲಿದ್ದ ಪಾಲಿಫಿನಾಲ್ ಎಂಬ ಪದಾರ್ಥಗಳೇ ಬಣ್ಣ ತಿರುಗಿಸಿದ್ದವು. ಇನ್ನೊಮ್ಮೆ ಕೋಶಗಳೆಲ್ಲ ಸತ್ತವೆಂದು ಕುಣಿದಾಡಿದೆ. ಕೊಂದದ್ದು ಗಿಡವಲ್ಲ, ಸಾರ ಕರಗಿಸಲು ನಾನು ಅತಿಯಾಗಿ ಸುರಿದಿದ್ದ ಡಿಎಂಎಸ್‌ಒ ಎಂಬ ದ್ರಾವಕ.

ಉಪ್ಪು ಜಾಸ್ತಿಯಾದರೂ ಗುಳಿಯಲ್ಲಿನ ಕೋಶ ಸಾಯುತ್ತದೆ. ಅದೇ ಪ್ರಮಾಣಕ್ಕೆ ಒಳ್ಳೆಯ ಕೋಶ ಉಳಿಯುತ್ತದೆಯೇ ಅನ್ನುವುದು ಮುಂದಿನ ಪ್ರಶ್ನೆ. ವಾಟ್ಸಾಪಿನವರು ಅಲ್ಲಿಯವರೆಗೆ ಓದುವುದಿಲ್ಲ. ಲಕ್ಷ್ಮಣಫಲದ ಎಲೆಯಲ್ಲೂ ಹಣ್ಣಿನಲ್ಲೂ ಅನೋನಾಸಿನ್ ಎಂಬ ಪದಾರ್ಥವಿದೆ. ಅದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಉಸಿರುಗಟ್ಟಿಸುತ್ತದೆ. ಮೈಟೊಕಾಂಡ್ರಿಯ ಇಲ್ಲದೆ ನರಕೋಶವೂ ಬದುಕದು. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ (ಕೈಕಾಲು ನಡುಗಿ ಚಲನೆ ನಿಧಾನವಾಗುವ ನರರೋಗ) ತರಹದ, ಆದರೆ ಮಾಮೂಲಿ ಔಷಧಿಗೆ ಬಗ್ಗದ ಕಾಯಿಲೆ ಹೆಚ್ಚಿರುವುದಕ್ಕೂ ಅಲ್ಲಿನವರು ಈ ಜಾತಿಯ ಹಣ್ಣು, ಎಲೆಯ ಕಷಾಯ ಬಳಸುವುದಕ್ಕೂ ನಂಟಿರಬಹುದೆಂದು ವೈದ್ಯರು 1999ರಲ್ಲೇ ಬರೆದರು. ಇದೇ ಕಾರಣವೆಂದು ರುಜುವಾತಾಗಿಲ್ಲ, ನಿಜ. ಆದರೂ ನಮ್ಮಮ್ಮನಿಗಾದರೆ ನಾನು ಕೊಡುತ್ತಿರಲಿಲ್ಲ.

ಗಿಡದಿಂದ ಔಷಧಿ ಬರುವುದಿಲ್ಲ ಅಂತಲ್ಲ. ನಮ್ಮ ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟೀನ್ ಬಂದದ್ದು. ಮಕ್ಕಳ ರಕ್ತ ಕ್ಯಾನ್ಸರಿಗೆ ಇಂದಿಗೂ ಅದು ಬೇಕೇ ಬೇಕು. ಆದರೆ ಅದನ್ನು ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರಿಸುವುದಿಲ್ಲ, ಮೀರಿದರೆ ಕೈಕಾಲಿನ ನರಕ್ಕೇ ಪೆಟ್ಟು. ಎಲೆಯ ಕಷಾಯದಲ್ಲಿ ಎಷ್ಟು ಮಿಲಿಗ್ರಾಂ ಏನಿದೆ ಅಂತ ಚಿಕ್ಕಪ್ಪ ಅಳೆಯುವುದು ಹೇಗೆ?

ಇವತ್ತೇ ನಿಲ್ಲಿಸಿ. ಎಷ್ಟು ದಿನದಿಂದ, ದಿನಕ್ಕೆಷ್ಟು ಲೋಟ ಕುಡಿದಿದ್ದಾರೆ ಅಂತ ಚೀಟಿಯಲ್ಲಿ ಬರೆದು ಮುಂದಿನ ಕೀಮೋಗೆ ಮುಂಚೆ ಡಾಕ್ಟರಿಗೆ ಕೊಡಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಚಿಕ್ಕಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅತ್ತಿಗೆಗಾಗಿ ದಿನಾ ಬೆಳಿಗ್ಗೆ ತೋಟಕ್ಕೆ ಹೋಗಿ ಎಲೆ ಕಿತ್ತು ತರುವವರು ಡಾಕ್ಟರು ಹೇಳಿದ್ದನ್ನು ಕೇಳಿಯಾರು.