‘ದೋಷ ಕಂಡುಬಂದಿಲ್ಲ’ ಎಂದು ರಿಸೀವರ್ ವಾಪಸು ಕೊಡುತ್ತಿದ್ದರೆ ಏನು ಮಾಡಬೇಕು?

ಹೋಂ ಥಿಯೇಟರ್ ರಿಸೀವರ್ (ಟಿವಿಯ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಮೂರು ಸಲ ಸರ್ವಿಸ್ ಸೆಂಟರಿಗೆ ಹೋಗಿ ಮೂರು ಸಲವೂ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿ ಹೊತ್ತು ಬಂತು, ಮನೆಯಲ್ಲಿ ಸಿನಿಮಾ ಹಾಕಿದರೆ ನಡುವೆಯೇ ಬಲಗಡೆಯ ಸ್ಪೀಕರ್ ಮೌನವಾಗುತ್ತದೆ, ವಾರಂಟಿ ಮುಗಿಯಲು ಎರಡೇ ತಿಂಗಳಿದೆ ಎಂದು ಬರೆದಿದ್ದೀರಿ. ನನ್ನ ಆಂಪ್ಲಿಫೈಯರ್ ಕೂಡ ಎರಡು ಸಲ ಇಂಥದೇ ಚೀಟಿಯೊಂದಿಗೆ ಮರಳಿತ್ತು.

ಸರ್ವಿಸ್ ಸೆಂಟರಿನವರು ಸುಳ್ಳು ಹೇಳುತ್ತಿದ್ದಾರೆಂದೇ ಆಗ ನಂಬಿದ್ದೆ. ಫೋನಿನಲ್ಲಿ ಕೂಗಾಡಿದ್ದೂ ಉಂಟು. ಗಂಟಲು ನೋವು ಬಂತು, ಬೇರೇನೂ ಬರಲಿಲ್ಲ. ನಿಜ ಏನೆಂದರೆ, ಅಲ್ಲಿ ಅದನ್ನು ಮೇಜಿನ ಮೇಲಿಟ್ಟು ಐದು ನಿಮಿಷ ಹಾಡು ಕೇಳಿ ಮುಚ್ಚಿಡುತ್ತಿದ್ದರು. ಅದು ಕೈಕೊಡುತ್ತಿದ್ದುದು 40 ನಿಮಿಷ ನುಡಿದು ಬಿಸಿಯಾದ ಮೇಲೆ. ಒಳಗಿನ ಬೆಸುಗೆ ಬಿರುಕು ಬಿಟ್ಟಿದ್ದರೆ ತಣ್ಣಗಿರುವಾಗ ಕಚ್ಚಿಕೊಂಡೇ ಇರುತ್ತದೆ, ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ. ಹಾಗಾಗಿ ಜಗಳ ಬಿಟ್ಟು, ದೋಷ ಅವರ ಕಣ್ಣೆದುರೇ ಕಾಣಿಸಿಕೊಳ್ಳುವಂತೆ ಮಾಡಿ.

ಮೊದಲು ತಪ್ಪು ರಿಸೀವರಿನದೇ ಎಂದು ಖಚಿತಪಡಿಸಿಕೊಳ್ಳಿ. ಅದನ್ನು ಸ್ವಿಚ್ ಆಫ್ ಮಾಡಿ, ಹಿಂಭಾಗದಲ್ಲಿ ಎಡ ಮತ್ತು ಬಲ ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ನುಡಿಸಿ. ಮೌನ ಎಡಗಡೆಯ ಸ್ಪೀಕರಿಗೆ ದಾಟಿದರೆ ಸ್ಪೀಕರ್ ನಿರಪರಾಧಿ. ಬಲಗಡೆಯೇ ಉಳಿದರೆ ಆ ಸ್ಪೀಕರನ್ನೋ ಅದರ ತಂತಿಯನ್ನೋ ಅನುಮಾನಿಸಿ. ಟಿವಿಯ ಬದಲು ಮೊಬೈಲಿನಿಂದ ನುಡಿಸಿದರೂ ಹೀಗೇ ಆಗುತ್ತದೆಯೇ ನೋಡಿ. ಫರ್ಮ್‌ವೇರ್ (ರಿಸೀವರಿನೊಳಗಿನ ತಂತ್ರಾಂಶ) ಅಪ್‌ಡೇಟ್, ಫ್ಯಾಕ್ಟರಿ ರಿಸೆಟ್ ಎರಡನ್ನೂ ಮುಗಿಸಿಬಿಡಿ, ಏಕೆಂದರೆ ಅವರು ಮೊದಲು ಕೇಳುವುದೇ ಅದನ್ನು. (ರಿಸೆಟ್ ಮಾಡಿದರೆ ನಿಮ್ಮ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗುತ್ತವೆ, ಬರೆದಿಟ್ಟುಕೊಳ್ಳಿ.) ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ. ಹಿಂಭಾಗದಲ್ಲಿ ಕನಿಷ್ಠ 6 ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎಂದು ಬರೆದಿದ್ದು ನೀವು 4 ಓಮ್ ಸ್ಪೀಕರ್ ಜೋಡಿಸಿದ್ದರೆ ಅದನ್ನೂ ಈಗಲೇ ಸರಿಪಡಿಸಿ. ವಾರಂಟಿ ನಿರಾಕರಿಸಲು ಅವರಿಗೆ ಅಷ್ಟು ಸಾಕು.

ಇನ್ನು ವಿಡಿಯೊ. ಸೀರಿಯಲ್ ನಂಬರಿನಿಂದ ಆರಂಭಿಸಿ, ಪಕ್ಕದಲ್ಲೊಂದು ಗಡಿಯಾರವಿಟ್ಟು, ಸದ್ದು ನಿಲ್ಲುವವರೆಗೆ ಎಲ್ಲೂ ಕತ್ತರಿಸದೆ ಚಿತ್ರೀಕರಿಸಿ. ನೋಡುವವರಿಗೆ ಬೇಸರವಾಗುತ್ತದೆ, ಆಗಲಿ.

ನನ್ನ ಪ್ರಕಾರ ಅರ್ಧ ಆಟ ಸೋಲುವುದು ಜಾಬ್ ಶೀಟ್, ಅಂದರೆ ರಿಪೇರಿಗೆ ಕೊಡುವಾಗ ದೂರು ದಾಖಲಿಸುವ ಚೀಟಿ, ಬರೆಯುವ ಹೊತ್ತಿನಲ್ಲಿ. ಕೌಂಟರಿನಲ್ಲಿರುವವರು ‘ಸೌಂಡ್ ಇಲ್ಲ’ ಎಂದು ಎರಡೇ ಪದ ಗೀಚುತ್ತಾರೆ. ಒಳಗಿರುವ ತಂತ್ರಜ್ಞನ ಕೈಗೆ ಸಿಗುವುದು ಆ ಎರಡು ಪದಗಳೇ. ಸೌಂಡ್ ಬಂದರೆ ಆತನ ಮಟ್ಟಿಗೆ ಕೆಲಸ ಮುಗಿಯಿತು. ಆತನನ್ನು ದೂರಿ ಫಲವಿಲ್ಲ. ‘ಮಧ್ಯಮ ವಾಲ್ಯೂಮಿನಲ್ಲಿ ಸತತ 40 ನಿಮಿಷ ನುಡಿಸಿದ ಬಳಿಕ ಬಲ ಚಾನೆಲ್ ನಿಲ್ಲುತ್ತದೆ, ತಂತಿ ಬದಲಿಸಿ ಪರೀಕ್ಷಿಸಲಾಗಿದೆ, ವಿಡಿಯೊ ಇದೆ’ ಎಂದು ನಿಮ್ಮ ಲೆಕ್ಕದ ನಿಮಿಷ ಹಾಕಿ ಬರೆಸಿ. ಬರೆಯುವವರೆಗೆ ಅಲ್ಲಿಂದ ಕದಲಬೇಡಿ.

ಹಳೆಯ ಮೂರು ಜಾಬ್ ಶೀಟ್‌ಗಳನ್ನು ಕಳೆದುಕೊಳ್ಳಬೇಡಿ. ದೂರು ವಾರಂಟಿಯ ಅವಧಿಯಲ್ಲೇ ಶುರುವಾಗಿತ್ತು ಎನ್ನುವುದಕ್ಕೆ ಅವೇ ಸಾಕ್ಷಿ. ಅವುಗಳ ಸಂಖ್ಯೆ, ದಿನಾಂಕ, ಖರೀದಿ ರಸೀದಿ, ವಿಡಿಯೊ ಎಲ್ಲವನ್ನೂ ಒಂದೇ ಇಮೇಲಿನಲ್ಲಿ ತಯಾರಕ ಕಂಪನಿಗೇ ಕಳುಹಿಸಿ, ಮಾರಿದ ಅಂಗಡಿಗೂ ಒಂದು ಪ್ರತಿ ಹೋಗಲಿ. ಏನು ಬೇಕು, ಯಾವ ದಿನದೊಳಗೆ ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಅವರು ಫೋನಿನಲ್ಲಿ ಏನಾದರೂ ಒಪ್ಪಿಕೊಂಡರೆ ಅದನ್ನು ಅಂದೇ ಇಮೇಲಿನಲ್ಲಿ ಬರೆದು ಕಳುಹಿಸಿಬಿಡಿ.

ಮೂರನೆಯ ಸಲ ನನ್ನದನ್ನು ಅವರು ಗಂಟೆಗಟ್ಟಲೆ ನುಡಿಸಿಟ್ಟರು, ಅದು ಅಲ್ಲೇ ಮೂಕವಾಯಿತು. ರಿಲೇಯ (ಸ್ಪೀಕರ್ ಸಂಪರ್ಕವನ್ನು ಕೂಡಿಸಿ ಬಿಡಿಸುವ ಸ್ವಿಚ್ಚಿನ) ಬುಡದಲ್ಲಿ ಬೆಸುಗೆ ಬಿಟ್ಟಿತ್ತು. ನಿಮ್ಮದು ಸರಿಯಾಗಿದೆ ಎಂದು ಕರೆ ಬಂದ ದಿನ ಕೈಯಲ್ಲಿ ಒಂದು ಗಂಟೆ ಬಿಡುವು ಇಟ್ಟುಕೊಂಡು ಹೋಗಿ, ಅಲ್ಲೇ ನುಡಿಸಿ ನೋಡಿ, ಆಮೇಲೆ ಸಹಿ ಹಾಕಿ.