ಆಪರೇಷನ್‌ಗೆ ಮುಂಚೆ ನಾಯಿಗೆ ರಕ್ತ ಪರೀಕ್ಷೆ ಬೇಕೇ ಬೇಕಾ?

ಐದು ವರ್ಷದ ಹೆಣ್ಣು ನಾಯಿ, ತಿಂದುಂಡು ಚೆನ್ನಾಗಿಯೇ ಇದೆ, ಆದರೂ ಸಂತಾನಹರಣ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಅಂತಾರೆ, ಸುಮ್ನೆ ಖರ್ಚಲ್ವಾ ಅಂತ ಕೇಳಿದ್ದೀರಿ. ಸುಮ್ನೆ ಅಲ್ಲ. ದಯವಿಟ್ಟು ಮಾಡಿಸಿ.

ನಮ್ಮ ಕೆಂಪಿ ಯಲಹಂಕದ ಬೀದಿಯಲ್ಲಿ ಸಿಕ್ಕವಳು. ಅವಳೂ ಚೆನ್ನಾಗಿಯೇ ಇದ್ದಳು. ಆಪರೇಷನ್‌ಗೆ ಒಂದು ವಾರ ಮೊದಲು ಡಾಕ್ಟರ್ ಅವಳ ತುಟಿ ಎತ್ತಿ, ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಆಯಿತು, ಆದರೆ ಒಸಡೇ ಸ್ವಲ್ಪ ಬಿಳಿಚಿಕೊಂಡಿತ್ತು. ಆಮೇಲೆ ಹೊಟ್ಟೆಯ ರೋಮ ಸರಿಸಿ ತೋರಿಸಿದರು. ಸೂಜಿ ಮೊನೆಯಷ್ಟು ಕೆಂಪು ಚುಕ್ಕೆಗಳು. ದಿನಾ ಆ ಹೊಟ್ಟೆ ಸವರುತ್ತಿದ್ದೆ, ನನಗೆ ಕಂಡೇ ಇರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 60 ಸಾವಿರ ಬಂತು. ಸಾಮಾನ್ಯವಾಗಿ 2 ಲಕ್ಷದ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಉಣ್ಣಿಯಿಂದ ಬರುವ ಟಿಕ್ ಫೀವರ್. ಪ್ಲೇಟ್‌ಲೆಟ್ ತುಂಬಾ ಕಮ್ಮಿಯಿದ್ದರೆ ರಕ್ತ ಸರಿಯಾಗಿ ಹೆಪ್ಪುಗಟ್ಟಲ್ಲ, ಅಂಥ ನಾಯಿಯ ಹೊಟ್ಟೆ ಕೊಯ್ದರೆ ಏನಾಗುತ್ತೆ ಯೋಚಿಸಿ. 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟೆವು, ಮತ್ತೆ ಪರೀಕ್ಷೆ ಮಾಡಿಸಿದೆವು, ಆಮೇಲೇ ಆಪರೇಷನ್. ನಮ್ಮ ಬೆಂಗಳೂರಿನ ಹವೆಯಲ್ಲಿ ಉಣ್ಣಿ ವರ್ಷಪೂರ್ತಿ ಇರುತ್ತೆ, ಹಾಗಾಗಿ ಈ ವಿಷಯ ಒತ್ತಿ ಹೇಳ್ತಿದ್ದೇನೆ.

ಲಿವರ್, ಕಿಡ್ನಿ ಕೂಡ ನೋಡುತ್ತಾರೆ. ಅರಿವಳಿಕೆ ಮದ್ದನ್ನು ಮೈಯಿಂದ ಹೊರಹಾಕುವುದು ಹೆಚ್ಚಾಗಿ ಅವೇ. ಆದರೆ ಹೃದಯದ ತೊಂದರೆ ಈ ರಿಪೋರ್ಟಿನಲ್ಲಿ ಕಾಣಲ್ಲ. ಸ್ಟೆತಸ್ಕೋಪ್ ಇಟ್ಟು ನಿಧಾನವಾಗಿ ಕೇಳುವ ಡಾಕ್ಟರ್ ಬೇಕು. ತೂಕ ಅಂದಾಜಿನಲ್ಲಿ ಬರೆಸಬೇಡಿ, ಅವತ್ತೇ ತೂಗಿಸಿ. ಮದ್ದಿನ ಲೆಕ್ಕವೆಲ್ಲ ಅದರ ಮೇಲೆ. ಪಗ್ ಆದರೆ ಉಸಿರಾಟದ ಬಗ್ಗೆ, ಮುಧೋಳ ಆದರೆ ಮೈಯಲ್ಲಿ ಕೊಬ್ಬು ಕಮ್ಮಿ ಇರೋದರ ಬಗ್ಗೆ ಮೊದಲೇ ಮಾತಾಡಿ. ಕೆಮ್ಮು, ಫಿಟ್ಸ್, ಕೊಡುತ್ತಿರುವ ಮಾತ್ರೆ, ಕೊನೆಯ ಸಲ ಹೀಟ್‌ಗೆ ಬಂದದ್ದು ಯಾವಾಗ, ಎಲ್ಲವನ್ನೂ ಹೇಳಿ.

ಹಿಂದಿನ ರಾತ್ರಿಯ ನಂತರ ಊಟ ಬೇಡ, ನೀರು ಎಷ್ಟು ಹೊತ್ತಿನವರೆಗೆ ಅಂತ ಡಾಕ್ಟರನ್ನೇ ಕೇಳಿ. (ಪುಟ್ಟ ಮರಿಗಳಿಗೆ ಇಷ್ಟು ಹೊತ್ತು ಉಪವಾಸ ಬೇಡ, ಸಕ್ಕರೆ ಅಂಶ ಇಳಿದುಬಿಡುತ್ತೆ.) ನಮ್ಮಮ್ಮ ಬೆಳಿಗ್ಗೆ ಕಾಫಿ ಕುಡಿಯುವಾಗ ಕೆಂಪಿಗೂ ಒಂದು ರಸ್ಕ್ ಕೊಡುತ್ತಾರೆ. ಅವತ್ತು ಡಬ್ಬಾನೇ ಅಟ್ಟದ ಮೇಲಿಟ್ಟೆ. ಮತ್ತಿನಲ್ಲಿದ್ದಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ತಿನ್ನಿಸಿದ್ದರೆ ಮುಚ್ಚಿಡಬೇಡಿ, ಆಪರೇಷನ್ ಇನ್ನೊಂದು ದಿನಕ್ಕೆ ಹೋದರೂ ಪರವಾಗಿಲ್ಲ.